ದುಡಿಮೆಗೂ ಒಂದು ಮಿತಿ ಬೇಡವೆ?

ದುಡಿಯುವುದು ಒಳ್ಳೆಯದೆಂದು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕೈ ಕೆಸರಾದರೆ ಬಾಯಿ ಮೊಸರೆಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಊರು ಬಿಟ್ಟು ಈ ಮುಂಬಯಿಗೆ ಬಂದವರಿಗಂತೂ ದುಡಿಮೆಯೊಂದೇ ಬಂಡವಾಳ. ಆದರೆ ಎಷ್ಟು ದುಡಿದರೆ ಸಾಕು, ಹೇಗೆ ದುಡಿದರೆ ನಿವೃತ್ತಿಯ ದಿನದವರೆಗೂ ಕೈಯಲ್ಲಿ ಕಸುವು, ಮನಸ್ಸಿನಲ್ಲಿ ಉತ್ಸಾಹ ಉಳಿದೀತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಕೇಳಿಕೊಂಡರೆ ಎಲ್ಲಿ ಸೋಮಾರಿಗಳೆನಿಸಿಕೊಳ್ಳುತ್ತೇವೆಯೋ ಎಂಬ ಅಂಜಿಕೆ. ಆ ಅಂಜಿಕೆಯನ್ನು ತುಸು ಬದಿಗಿಟ್ಟು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಮ್ಮ ಈ ಅಭ್ಯಾಸ ಎಲ್ಲಿಂದ ಬಂದಿತೆಂಬುದನ್ನು ಮೊದಲು ನೋಡೋಣ. ಹಿಂದಿನ ತಲೆಮಾರಿನಲ್ಲಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಅಂಗಡಿಯ ಹಲಗೆಯ ಮೇಲೆ ನಾಲ್ಕು ಗಂಟೆ ಮಲಗಿ ಎದ್ದವರು. ಅವರಲ್ಲಿ ಕೆಲವರು ಹೋಟೆಲಿನ ಮಾಲಿಕರಾದರು, ಕೆಲವರು ಬ್ಯಾಂಕು ಕಚೇರಿಗಳನ್ನು ಸೇರಿದರು, ಕೆಲವರು ವಕೀಲರೂ ಅಧ್ಯಾಪಕರೂ ಆದರು. ಅವರು ನಿದ್ದೆಗೆಟ್ಟದ್ದು ಬೇರೆ ದಾರಿಯಿಲ್ಲದೆ. ಆ ದುಡಿಮೆಗೆ ನಾವೆಲ್ಲರೂ ಕೈಮುಗಿಯಲೇಬೇಕು. ‘ನಾವು ಹೊರಗಿನಿಂದ ಬಂದವರು, ಇಲ್ಲಿಯವರಿಗಿಂತ ಎರಡು ಪಾಲು ದುಡಿದರೆ ಮಾತ್ರ ನಮಗೆ ಬೆಲೆ’ ಎಂಬ ಅವರ ನಂಬಿಕೆಯೂ ಅಂದಿಗೆ ಸುಳ್ಳಾಗಿರಲಿಲ್ಲ.

ಆದರೆ ಅಗತ್ಯವು ಹೋದ ಮೇಲೂ ಅಭ್ಯಾಸವು ಉಳಿಯುತ್ತದೆ. ಹೊಳೆ ದಾಟಿದ ಮೇಲೂ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆದಂತೆ, ಇಂದು ಕಾಯಂ ನೌಕರಿ, ಸ್ವಂತ ಮನೆ, ಓದುವ ಮಕ್ಕಳು ಎಲ್ಲವೂ ಇರುವವರೂ ಅದೇ ಆತುರ, ಅದೇ ಭಯದಿಂದ ದುಡಿಯುತ್ತಿದ್ದಾರೆ. ಸಾಹೇಬರು ಏಳುವವರೆಗೆ ಕುರ್ಚಿ ಬಿಡದಿರುವುದು, ಬಂದ ಕೆಲಸಕ್ಕೆಲ್ಲ ಆಗಲಿ ಎನ್ನುವುದು, ರಜೆ ಹಾಕಿದರೆ ಏನೆಂದುಕೊಳ್ಳುತ್ತಾರೋ ಎಂದು ಜ್ವರದಲ್ಲೂ ಮಸ್ಟರಿಗೆ ಸಹಿ ಹಾಕುವುದು - ಇವುಗಳನ್ನೇ ನಿಷ್ಠೆಯೆಂದು ಕರೆಯುತ್ತೇವೆ. ಇವು ನಿಜವಾಗಿ ನಿಷ್ಠೆಯೋ, ಹಳೆಯ ಭಯದ ಹೊಸ ಹೆಸರೋ?

ವಿಜ್ಞಾನದ ತರಗತಿಯಲ್ಲಿ ಕುಳಿತವರಿಗೆ ಒಂದು ಪಾಠ ನೆನಪಿರಬಹುದು. ಭೌತಶಾಸ್ತ್ರದಲ್ಲಿ ಕೆಲಸವೆಂದರೆ ಬಲ ಮತ್ತು ಆ ಬಲದಿಂದ ವಸ್ತುವು ಸರಿದ ದೂರ ಇವೆರಡರ ಗುಣಲಬ್ಧ. ಬೆಳಗಿನಿಂದ ಸಂಜೆಯವರೆಗೆ ಒಂದು ಗೋಡೆಯನ್ನು ತಳ್ಳಿದರೆ ಬೆವರು ಹರಿದೀತು, ಮೈಕೈ ನೋವಾದೀತು. ಗೋಡೆ ಸರಿಯದಿದ್ದರೆ ಅದರ ಮೇಲೆ ಆದ ಕೆಲಸ ಮಾತ್ರ ಸೊನ್ನೆ. ದಣಿವು ಕೆಲಸದ ಅಳತೆಗೋಲಲ್ಲ ಎಂಬುದೇ ಈ ಪಾಠದ ತಿರುಳು. ಕಚೇರಿಯಲ್ಲಿ ಮಾತ್ರ ನಾವು ಇದನ್ನು ಮರೆತು, ಎಷ್ಟು ಹೊತ್ತು ಕುಳಿತೆವು, ಎಷ್ಟು ದಣಿದೆವು ಎಂಬುದನ್ನೇ ಲೆಕ್ಕ ಹಿಡಿಯುತ್ತೇವೆ. ಫೈಲು ಎಷ್ಟು ಸರಿಯಿತೆಂಬುದನ್ನು ಕೇಳುವುದಿಲ್ಲ.

ಹೊತ್ತು ಹೆಚ್ಚಾದಷ್ಟೂ ಕೆಲಸ ಹೆಚ್ಚಾಗುವುದಿಲ್ಲ ಎಂಬುದಕ್ಕೆ ನೂರು ವರ್ಷಕ್ಕೂ ಹಿಂದಿನ ಪುರಾವೆಯಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟಿಷ್ ಸರಕಾರ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರ ಆರೋಗ್ಯವನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಅದು ಕಲೆಹಾಕಿದ ಅಂಕಿ ಅಂಶಗಳನ್ನು ಜಾನ್ ಪೆಂಕಾವೆಲ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಮತ್ತೆ ಪರೀಕ್ಷಿಸಿದರು. ವಾರಕ್ಕೆ ಸುಮಾರು 49 ಗಂಟೆಗಳವರೆಗೆ ದುಡಿದ ಹೊತ್ತಿಗೆ ತಕ್ಕಂತೆ ಉತ್ಪಾದನೆ ಏರುತ್ತಿತ್ತು. ಆಮೇಲಿನ ಪ್ರತಿ ಗಂಟೆಯ ಫಲ ಕುಗ್ಗುತ್ತ ಹೋಯಿತು. 70 ಗಂಟೆ ದುಡಿದ ವಾರಕ್ಕೂ 56 ಗಂಟೆ ದುಡಿದ ವಾರಕ್ಕೂ ಉತ್ಪಾದನೆಯಲ್ಲಿ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಅಂದರೆ ಯುದ್ಧದಂತಹ ತುರ್ತಿನಲ್ಲಿಯೂ 14 ಗಂಟೆಗಳ ಬೆವರು ಬರಿದೇ ಹೋಯಿತು. ಬರಿದೇ ಹೋದರೆ ಅಷ್ಟೇ ನಷ್ಟ. ದೇಹ ತೆರುವ ಬೆಲೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟೂ, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟೂ ಹೆಚ್ಚು. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಬಂದು ಹೋಗುವ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲವೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ.

ಇದನ್ನೆಲ್ಲ ತಿಳಿಯಲು ವಿಲಾಯಿತಿಯ ಸಮಿತಿಯೇ ಬೇಕಿರಲಿಲ್ಲ. ನಮ್ಮ ಹಳ್ಳಿಗಳ ರೈತ ಎತ್ತಿನ ವಿಚಾರದಲ್ಲಿ ಇದನ್ನು ಎಂದೋ ತಿಳಿದಿದ್ದ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಕೊರಳಿಗೆ ನೊಗವಿಡುತ್ತಿರಲಿಲ್ಲ. ಬಿತ್ತನೆಯ ಹದ ತಪ್ಪೀತೆಂಬ ಆತಂಕವಿದ್ದರೂ ಆ ದಿನ ಎತ್ತಿಗೆ ಬಿಡುವು. ಆ ಕಟ್ಟಳೆಯಲ್ಲಿ ಭಕ್ತಿಯಿತ್ತು, ಅದರೊಡನೆ ವಿವೇಕವೂ ಇತ್ತು. ಈ ವರ್ಷ ಎತ್ತು ಬಿದ್ದರೆ ಮುಂದಿನ ವರ್ಷ ಉಳುವವರಾರು? ಎತ್ತಿಗೆ ತೋರಿದ ಈ ದಯೆಯನ್ನು ನಮ್ಮ ಮೇಲೆ ನಾವೇ ತೋರಿಕೊಳ್ಳಲು ಹಿಂಜರಿಯುವುದು ವಿಚಿತ್ರವಲ್ಲವೆ?

ಅತಿ ದುಡಿಮೆಗಿಂತಲೂ ಆಳವಾಗಿ ಬೇರೂರಿದ ಇನ್ನೊಂದು ಅಭ್ಯಾಸವಿದೆ. ‘ನಾನಿಲ್ಲದಿದ್ದರೆ ಈ ಸೆಕ್ಷನ್ ನಡೆಯುವುದಿಲ್ಲ’ ಎಂಬ ಭಾವನೆ ಅದು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆ ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ. ಮೈಗಳ್ಳರನ್ನು ಎಚ್ಚರಿಸಲು ಹುಟ್ಟಿದ ಈ ಮಾತನ್ನು ಮೈಮುರಿದು ದುಡಿಯುವವರು ತಮ್ಮ ಅಹಂಕಾರಕ್ಕೆ ಹೊದಿಕೆಯಾಗಿ ಬಳಸಿಕೊಂಡಿದ್ದಾರೆ. ಯಾವ ಕಡತ ಎಲ್ಲಿದೆ, ಯಾವ ಸುತ್ತೋಲೆ ಯಾವುದನ್ನು ರದ್ದು ಮಾಡಿತು, ಯಾವ ಪ್ರಕರಣದಲ್ಲಿ ಹಿಂದೆ ಏನು ತೀರ್ಮಾನವಾಗಿತ್ತು - ಎಲ್ಲವೂ ಒಬ್ಬರ ತಲೆಯಲ್ಲಿ. ಬರೆದಿಡುವುದಿಲ್ಲ, ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಹೇಳಿಕೊಡುವುದಿಲ್ಲ. ‘ಕಲಿಸುವ ಹೊತ್ತಿನಲ್ಲಿ ನಾನೇ ಮಾಡಿ ಮುಗಿಸುತ್ತೇನೆ’ ಎಂಬುದು ಸಿದ್ಧ ಉತ್ತರ. ಇಂದಿನ ಮಟ್ಟಿಗೆ ಅದು ನಿಜವೇ. ಆದರೆ ನಾಳೆಯೂ ನಾಳಿದ್ದೂ ತಾನೇ ಮಾಡಬೇಕಾಗುವುದು ಆ ಉತ್ತರದ ಫಲ.

ಇಲ್ಲಿ ನೀತಿಯ ಪ್ರಶ್ನೆಯೊಂದು ಅಡಗಿದೆ. ಇಂಥವರಿಗೆ ಒಂದು ದಿನ ಆಸ್ಪತ್ರೆ ಸೇರಬೇಕಾಗಿ ಬಂದರೆ ತೊಂದರೆ ಯಾರಿಗೆ? ಸಾಹೇಬರಿಗಲ್ಲ. ಗಂಡನನ್ನು ಕಳೆದುಕೊಂಡು ಕುಟುಂಬ ಪಿಂಚಣಿಗಾಗಿ ಅರ್ಜಿ ಹಾಕಿ ಕಾಯುತ್ತಿರುವ ಹೆಂಗಸಿಗೆ. ತಾನಿಲ್ಲದೆ ನಡೆಯದಂತೆ ಕೆಲಸವನ್ನು ಕಟ್ಟಿಕೊಂಡವರು ಮೇಲ್ನೋಟಕ್ಕೆ ತ್ಯಾಗಿಗಳು. ಒಳಹೊಕ್ಕು ನೋಡಿದರೆ ಸಾರ್ವಜನಿಕರ ಕೆಲಸವನ್ನು ತಮ್ಮೊಬ್ಬರ ಆರೋಗ್ಯಕ್ಕೆ ಗಂಟು ಹಾಕಿದವರು. ಒಳ್ಳೆಯ ಕೆಲಸಗಾರನ ಲಕ್ಷಣವೆಂದರೆ ಅವನು ಇಲ್ಲದಾಗಲೂ ಕೆಲಸ ನಿಲ್ಲದಿರುವುದು. ಈ ಮಾತು ನಮ್ಮ ಹೆಮ್ಮೆಗೆ ಹಿತವಲ್ಲ, ಆದರೂ ನಿಜ.

ರಜೆಯ ವಿಷಯವನ್ನೂ ಲೆಕ್ಕ ಹಾಕಿಯೇ ನೋಡೋಣ. ಕೇಂದ್ರ ಸರಕಾರದ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ನಿವೃತ್ತಿಯ ಹೊತ್ತಿಗೆ 300 ದಿನಗಳವರೆಗಿನ ರಜೆಯನ್ನು ನಗದಾಗಿಸಿಕೊಳ್ಳಬಹುದೆಂಬ ಕಾರಣಕ್ಕೆ ಹಲವರು ರಜೆಯನ್ನೇ ಮುಟ್ಟುವುದಿಲ್ಲ. 33 ವರ್ಷ ಸೇವೆಗೆ 990 ದಿನಗಳಾದವು. ಅದರಲ್ಲಿ 300 ದಿನಗಳನ್ನು ಕೊನೆಗೆಂದು ಕೂಡಿಡಿ. ಪ್ರವಾಸ ರಿಯಾಯಿತಿಯ ಜೊತೆ ನಗದಾಗಿಸಬಹುದಾದ 60 ದಿನಗಳನ್ನೂ ತೆಗೆದಿಡಿ. ಆದರೂ 630 ದಿನಗಳು ಉಳಿದವು. ಅವುಗಳನ್ನು ಬಳಸದೆ ಬಿಟ್ಟರೆ ಕಾಸೂ ಇಲ್ಲ, ಬಿಡುವೂ ಇಲ್ಲ. ಆ ದಿನಗಳಲ್ಲಿ ಊರಿನ ಅಪ್ಪ ಅಮ್ಮನ ಜೊತೆ ನಾಲ್ಕು ಹೊತ್ತು ಹೆಚ್ಚಿಗೆ ಉಣ್ಣಬಹುದಾಗಿತ್ತು. ಅವರು ಹೋದ ಮೇಲೆ ಹದಿಮೂರು ದಿನದ ರಜೆ ಹಾಕಿ ಓಡಿ ಬರುವುದಕ್ಕಿಂತ ಅವರಿರುವಾಗ ಆರು ದಿನ ಹೋಗಿ ಕುಳಿತುಬರುವುದು ಮೇಲಲ್ಲವೆ?

ಇನ್ನು ಕೈಯೊಳಗಿನ ಫೋನು. ಕೇಂದ್ರದ ಆಡಳಿತ ಕಚೇರಿಗಳಿಗೆ 1985ರ ಜೂನ್ ತಿಂಗಳಲ್ಲಿ ವಾರಕ್ಕೆ ಐದು ದಿನದ ಕೆಲಸ ಜಾರಿಗೆ ಬಂದಿತು. ಶನಿವಾರವನ್ನು ಅಂದು ಬಿಡುವಾಗಿ ಪಡೆದವರು ಇಂದು ವಾಟ್ಸಾಪಿನ ಗುಂಪಿನಲ್ಲಿ ಅದನ್ನು ಬಿಡಿಬಿಡಿಯಾಗಿ ಹಿಂದಿರುಗಿಸುತ್ತಿದ್ದಾರೆ. ರಾತ್ರಿ ಹತ್ತು ಗಂಟೆಗೆ ಬಂದ ಸಂದೇಶಗಳಲ್ಲಿ ಬೆಳಿಗ್ಗೆಯವರೆಗೆ ಕಾಯಲಾರದವು ಎಷ್ಟಿರುತ್ತವೆ? ಆದರೂ ಎಲ್ಲರಿಗಿಂತ ಮೊದಲು ‘ಯೆಸ್ ಸರ್’ ಎಂದು ಉತ್ತರಿಸುವ ಸ್ಪರ್ಧೆ. ಅದನ್ನು ನೋಡಿ ಮಿಕ್ಕವರಿಗೂ ಉತ್ತರಿಸದೆ ಗತ್ಯಂತರವಿಲ್ಲ.

ಒಬ್ಬರು ಕಚೇರಿಯಲ್ಲಿ ಹೊತ್ತು ಮೀರಿ ಕುಳಿತರೆ ಮನೆಯಲ್ಲಿ ಆ ಹೊತ್ತಿನ ಕೆಲಸವನ್ನು ಇನ್ನೊಬ್ಬರು ಮಾಡಬೇಕು. ಹೆಚ್ಚಿನ ಮನೆಗಳಲ್ಲಿ ಆ ಇನ್ನೊಬ್ಬರು ಹೆಂಡತಿ. ಅವರೂ ದುಡಿಯುವವರಾದರೆ ಎರಡು ನೌಕರಿಗಳ ಭಾರ ಅವರ ಮೇಲೆ. ಗಂಡಸಿನ ಕರ್ತವ್ಯನಿಷ್ಠೆಯ ಹೊಗಳಿಕೆಯಲ್ಲಿ ಈ ಲೆಕ್ಕ ಯಾವಾಗಲೂ ಬಿಟ್ಟುಹೋಗುತ್ತದೆ. ನಮ್ಮಂತಹ ಹೊರನಾಡಿನ ಕುಟುಂಬಗಳಿಗೆ ಇನ್ನೊಂದು ನಷ್ಟವೂ ಇದೆ. ಇಲ್ಲಿ ಬೀದಿಯ ಭಾಷೆ ಬೇರೆ, ಶಾಲೆಯ ಭಾಷೆ ಬೇರೆ. ಮಕ್ಕಳಿಗೆ ಕನ್ನಡ ಬರುವುದು ರಾತ್ರಿಯ ಊಟದ ತಟ್ಟೆಯ ಮುಂದೆ, ಮಲಗುವ ಮುನ್ನಿನ ಕಥೆಯಲ್ಲಿ. ಮಕ್ಕಳು ಮಲಗಿದ ಮೇಲೆ ಮನೆ ಸೇರುವವರು, ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಸಂಘದ ಸಭೆಯಲ್ಲಿ ಮರುಗಿದರೆ ಫಲವೇನು?

ಇದಕ್ಕೆ ಎದುರು ವಾದವೂ ಇದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹುದ್ದೆಗಳು ಖಾಲಿಯಿವೆ, ಇಬ್ಬರ ಕೆಲಸ ಒಬ್ಬರ ತಲೆಯ ಮೇಲಿದೆ, ಜನ ಕಾಯುತ್ತಿದ್ದಾರೆ; ಆರು ಗಂಟೆಯಾಯಿತೆಂದು ಎದ್ದುಹೋಗುವುದು ನ್ಯಾಯವೆ? ತಿಂಗಳ ಕೊನೆಯಲ್ಲೋ, ಲೆಕ್ಕಪತ್ರ ಮುಗಿಸುವ ಮಾರ್ಚಿಯಲ್ಲೋ, ಪ್ರವಾಹದಂತಹ ಆಪತ್ತಿನಲ್ಲೋ ಎದ್ದುಹೋಗುವುದು ಖಂಡಿತ ನ್ಯಾಯವಲ್ಲ. ಆದರೆ ವರ್ಷದ ಹನ್ನೆರಡು ತಿಂಗಳೂ ಮಾರ್ಚಿಯಾದರೆ ಅದು ತುರ್ತಲ್ಲ, ವ್ಯವಸ್ಥೆಯ ಕೊರತೆ. ಒಬ್ಬರು ಬಾಯಿ ಮುಚ್ಚಿಕೊಂಡು ಇಬ್ಬರ ಕೆಲಸ ಮಾಡುತ್ತ ಹೋದರೆ ಕಾಗದದ ಮೇಲೆ ಕೊರತೆ ಕಾಣಿಸುವುದೇ ಇಲ್ಲ. ಒಬ್ಬರೇ ಸಾಕೆಂಬುದು ಸಾಬೀತಾಗುತ್ತದೆ. ಆ ಕುರ್ಚಿಗೆ ಮುಂದೆ ಬರುವವರೂ ಅದೇ ಹೊರೆಯನ್ನು ಹೊರಬೇಕಾಗುತ್ತದೆ. ಇಷ್ಟು ಕೆಲಸ ಬರುತ್ತಿದೆ, ಇಷ್ಟು ಆಗುತ್ತಿದೆ, ಇಷ್ಟು ಉಳಿಯುತ್ತಿದೆ ಎಂದು ವಿನಯದಿಂದ, ಅಂಕಿಗಳ ಸಮೇತ ಬರೆದು ಮೇಲಕ್ಕೆ ಕಳಿಸುವುದು ಗೊಣಗಾಟವಲ್ಲ, ಕರ್ತವ್ಯ.

ಖಾಸಗಿ ಕಂಪೆನಿಯ ನಮ್ಮ ಮಕ್ಕಳಿಗೂ ಹೋಟೆಲು ಅಂಗಡಿಗಳಲ್ಲಿ ದುಡಿಯುವವರಿಗೂ ಈ ಸ್ವಾತಂತ್ರ್ಯ ಎಲ್ಲಿದೆ ಎಂದು ಕೇಳಬಹುದು. ನಿಜ. ಆದರೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ 1919ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿ ಬಂದದ್ದು, 1948ರಲ್ಲಿ ನಮ್ಮ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದು, ಯಾರ ಔದಾರ್ಯದಿಂದಲೂ ಅಲ್ಲ. ಅದರ ಹಿಂದೆ ಕೆಲಸಗಾರರ ಹೋರಾಟವಿತ್ತು. ಮಿತಿಯ ರಕ್ಷಣೆಯಿರುವವರೇ ಅದನ್ನು ಬಿಟ್ಟುಕೊಡುತ್ತ ಹೋದರೆ, ಇಲ್ಲದವರಿಗೆ ಅದು ಎಂದಾದರೂ ಸಿಕ್ಕೀತೆ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅನುಭಾವದ ಮಾತಿನಲ್ಲಿ ಮೈಮರೆತು ಅವನು ಕಾಯಕವನ್ನು ಮರೆತಾಗ ಅವನನ್ನು ಎಚ್ಚರಿಸಿ ಕಳಿಸಿದವಳು ಲಕ್ಕಮ್ಮ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ಹಿಂದಕ್ಕೆ ಸುರಿದು ಬಾ ಎಂದವಳೂ ಆಕೆಯೇ. ಕಾಯಕದ ಹೆಸರನ್ನು ಹೇಳುವಾಗ ನಾವು ಈ ಕಥೆಯ ಮೊದಲರ್ಧವನ್ನು ಮಾತ್ರ ನೆನೆಯುತ್ತೇವೆ. ದುಡಿಯದಿರುವುದು ಹೇಗೆ ತಪ್ಪೋ, ಮಿತಿ ಮೀರುವುದೂ ಹಾಗೆಯೇ ತಪ್ಪು ಎಂಬುದು ಅದರ ಉತ್ತರಾರ್ಧ.

ಆದ್ದರಿಂದ ದೊಡ್ಡ ಪ್ರತಿಜ್ಞೆಗಳೇನೂ ಬೇಡ. ಕಠಿಣವಾದ ಕಡತವನ್ನು ಬೆಳಗಿನ ಚುರುಕಿನಲ್ಲಿಯೇ ಬಿಚ್ಚೋಣ. ಸಂಜೆಗೆಂದು ಉಳಿಸಿ ಹೊತ್ತು ಮೀರಿ ಕೂರುವುದು ಬೇಡ. ತಿಳಿದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಪಕ್ಕದ ಮೇಜಿನವರಿಗೂ ಅರ್ಥವಾಗುವಂತೆ ಮಾಡೋಣ. ವರ್ಷದ ಮೊದಲಲ್ಲೇ ರಜೆಯ ದಿನಗಳನ್ನು ಗುರುತು ಹಾಕೋಣ. ಆಗದ ಕೆಲಸಕ್ಕೆ ಆಗಲಿ ಎನ್ನುವ ಬದಲು, ಯಾವಾಗ ಆದೀತೆಂದು ನೇರವಾಗಿ ಹೇಳುವ ಧೈರ್ಯ ತಂದುಕೊಳ್ಳೋಣ.

ನೌಕರಿ ಮೂವತ್ತು ಮೂವತ್ತೈದು ವರ್ಷದ ದಾರಿ. ಅದನ್ನು ಒಂದೇ ಉಸಿರಿಗೆ ಓಡಿ ಮುಗಿಸಲಾಗದು. ನಿವೃತ್ತಿಯ ದಿನ ಹಾರ ಹಾಕಿ, ಇವರಿಲ್ಲದೆ ಕಚೇರಿ ನಡೆಯುವುದು ಕಷ್ಟವೆಂದು ಭಾಷಣ ಮಾಡುವವರು ಇದ್ದೇ ಇರುತ್ತಾರೆ. ಅದಕ್ಕಿಂತ, ಮರುದಿನ ನಮ್ಮ ಕುರ್ಚಿಯಲ್ಲಿ ಕುಳಿತವರು ಯಾರನ್ನೂ ಕೇಳದೆ ಆ ವಿಧವೆಯ ಕಡತವನ್ನು ಹುಡುಕಿ ತೆಗೆದು ಮುಂದಕ್ಕೆ ಕಳಿಸಿದರೆ, ನಾವು ಸರಿಯಾಗಿ ದುಡಿದೆವೆಂದು ತಿಳಿಯಬಹುದು.