ಬೆಟ್ಟ ಏರುವ ತಾಯಂದಿರಿಗೆ ಒಂದು ದಿನ

ಕಂಬಂ ಕಣಿವೆಯ ಮೇಲೆ, ತಮಿಳುನಾಡು-ಕೇರಳದ ಗಡಿಯಲ್ಲಿ, ಪೆರಿಯಾರ್ ಹುಲಿ ಕಾಡಿನ ನಡುವೆ ಮಂಗಳಾದೇವಿ ಕಣ್ಣಗಿಯ ಹಳೆಯ ಕಲ್ಲುಗುಡಿಯಿದೆ. ಭಕ್ತರಿಗೆ ಅಲ್ಲಿ ವರ್ಷಕ್ಕೆ ಒಂದೇ ದಿನ, ಚಿತ್ರಾ ಪೌರ್ಣಮಿಯಂದು ಪ್ರವೇಶ. ಕುಮಿಳಿಯಿಂದ ಜೀಪು ಹೋಗುತ್ತದೆ. ಗೂಡಲೂರಿನ ಕಡೆಯಿಂದ ಕಾಲುದಾರಿ. ಹೆಣ್ಣುಮಕ್ಕಳು ಗುಂಪುಗೂಡಿ, ಒಬ್ಬರ ಕೈ ಒಬ್ಬರು ಹಿಡಿದು ಆ ಏರು ಹತ್ತುತ್ತಾರೆ. ಮನೆಯಲ್ಲಿ ಕನ್ನಡವಾಡುವ ಕುಟುಂಬಗಳೂ ಆ ಕಣಿವೆಯಲ್ಲಿ ತಲೆಮಾರುಗಳಿಂದ ಬಾಳುತ್ತಿವೆ.

"ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಬೆಟ್ಟವೇಕೆ?" ಎಂದು ಗಂಡಸರು ಕೇಳುವುದುಂಟು. ಮಾತು ಸರಿ. ಕಲ್ಲಿನ ಮುಂದೆ ಹರಕೆ ಹೊತ್ತು ಬೇಡುವುದು ಶರಣರ ದಾರಿಯಲ್ಲ. ಆದರೆ ಈ ಮಾತು ಲಿಂಗನಿಷ್ಠೆಯಿಂದ ಬಂತೋ, ಅಂದಿನ ಅಡುಗೆಯ ಚಿಂತೆಯಿಂದ ಬಂತೋ, ಎದೆ ಮುಟ್ಟಿ ನೋಡಿಕೊಳ್ಳಬೇಕು. ಏಲಕ್ಕಿ ವ್ಯಾಪಾರಕ್ಕೆ ಬೋಡಿಗೆ ಹೋಗಿ ಎರಡು ದಿನ ಉಳಿದು ಬರುವವನನ್ನು ಯಾರೂ "ಏಕೆ ಹೋದೆ?" ಎಂದು ಕೇಳುವುದಿಲ್ಲ.

ಅಕ್ಕಮಹಾದೇವಿ ಉಡುತಡಿಯ ಅರಮನೆ ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದಳು. ಕಾಡು ಅವಳಿಗೆ ಭಯವಾಗಲಿಲ್ಲ, ಬಯಲಾಯಿತು. ಅವಳ ಜಯಂತಿ ದವನದ ಹುಣ್ಣಿಮೆ. 2024ರ ಏಪ್ರಿಲ್ 23ರಂದು ಆ ಹುಣ್ಣಿಮೆಯೂ ಚಿತ್ರಾ ಪೌರ್ಣಮಿಯೂ ಒಂದೇ ದಿನ ಬಂದವು. ನಾವು ಅಕ್ಕನ ಚಿತ್ರಕ್ಕೆ ಹೂ ಏರಿಸಿ, ಅದೇ ದಿನ ಸೊಸೆಗೆ "ಹೊಸಿಲು ದಾಟಬೇಡ" ಎಂದರೆ ಆ ಹೂವಿಗೆ ಬೆಲೆಯೆಲ್ಲಿ?

ಕಣ್ಣಗಿ ಯಾರು? 'ಶಿಲಪ್ಪದಿಕಾರಂ' ಹೇಳುವಂತೆ, ಕಳ್ಳನೆಂಬ ಸುಳ್ಳು ಆರೋಪಕ್ಕೆ ಗಂಡನನ್ನು ಕಳೆದುಕೊಂಡು, ಮಧುರೆಯ ರಾಜಸಭೆಯಲ್ಲಿ ಕಾಲಂದುಗೆ ಒಡೆದು ಸತ್ಯ ತೋರಿಸಿದವಳು. ನ್ಯಾಯ ಕೇಳಿದ ಹೆಣ್ಣಿಗೆ ಬೆಟ್ಟದ ಮೇಲೆ ಪೂಜೆ. ನ್ಯಾಯ ಕೇಳುವ ಹೆಣ್ಣಿಗೆ ಮನೆಯಲ್ಲಿ "ಸುಮ್ಮನಿರು" ಎಂಬ ಮಾತು. ಇದು ಭಕ್ತಿಯಲ್ಲ.

ತಾಯಂದಿರೇ, ಹೋಗುವುದಾದರೆ ಗುಂಪಾಗಿ ಹೋಗಿ. ಅರಣ್ಯದವರ ಮಾತು ಮೀರಬೇಡಿ, ಪ್ಲಾಸ್ಟಿಕ್ ಒಯ್ಯಬೇಡಿ, ಹೊತ್ತು ಮುಳುಗುವ ಮುನ್ನ ಇಳಿಯಿರಿ. ದಾರಿಯಲ್ಲಿ ನೆರಳು ಕಂಡಲ್ಲಿ ಕುಳಿತು ನಿಮ್ಮ ಲಿಂಗವನ್ನು ನೀವೇ ನೋಡಿಕೊಳ್ಳಿ. ಕರೆಯುವವರಿಲ್ಲದ ಆ ಅರ್ಧ ಗಳಿಗೆಯೇ ನಿಮ್ಮ ಪೂಜೆ.

ಬಂಧುಗಳೇ, ಅಂದು ದನಕ್ಕೆ ಮೇವು ಹಾಕಿ, ಒಲೆ ಹಚ್ಚಿ, ಮಕ್ಕಳಿಗೆ ಉಣಬಡಿಸುವುದು ನಿಮ್ಮ ಪಾಲಿನ ಕಾಯಕ. ಅದೂ ಲಿಂಗಪೂಜೆಯೇ.