ಎರಡನೇ ನುಡಿ ಎಲ್ಲಿಗೆ ಹೋತು?

ಹೋದ ವರ್ಷ ಬೆಂಗಳೂರಿನಲ್ಲಿ ಗೆಳೆಯನೊಬ್ಬ ಒತ್ತಾಯ ಮಾಡಿ ಒಂದು ಕಛೇರಿಗೆ ಕರೆದುಕೊಂಡು ಹೋದ. ಹೊರದೇಶದ ಕಾಲೇಜೊಂದರ ಎಂಟು ವಿದ್ಯಾರ್ಥಿಗಳು, ಎಂಟು ಚೆಲ್ಲೊ. ಬೇರೆ ವಾದ್ಯವೇ ಇಲ್ಲ. ಚೆಲ್ಲೊ ಅಂದರೆ ಪಿಟೀಲಿನ ದೊಡ್ಡಣ್ಣ. ನಾಲ್ಕು ತಂತಿ, ಕೆಳಗೊಂದು ಮೊಳೆ. ಅದನ್ನು ನೆಲಕ್ಕೂರಿ, ಮೊಣಕಾಲುಗಳ ನಡುವೆ ಹಿಡಿದು ನುಡಿಸುತ್ತಾರೆ. ಗಂಡಸಿನ ದಪ್ಪ ದನಿಯಿಂದ ಹಿಡಿದು ಹೆಂಗಸಿನ ದನಿಯವರೆಗೂ ಅದು ಹಾಡಬಲ್ಲದು. ಅದಕ್ಕೇ ಬರೀ ಚೆಲ್ಲೊಗಳನ್ನೇ ಕೂಡಿಸಿದರೂ ಒಂದು ಪೂರ್ತಿ ಮೇಳ ಆಗುತ್ತದೆ. ಜರ್ಮನಿಯ ಯೂಲಿಯಸ್ ಕ್ಲೆಂಗೆಲ್ 1920ರಲ್ಲಿ 12 ಚೆಲ್ಲೊಗಳಿಗೆಂದೇ 'ಹಿಮ್ನಸ್' ಎಂಬ ಕೃತಿ ರಚಿಸಿದ್ದರು. 1972ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ 12 ಜನ ಚೆಲ್ಲೊದವರು ಅದನ್ನು ನುಡಿಸಿಯೇ ತಮ್ಮದೊಂದು ಮೇಳ ಕಟ್ಟಿಕೊಂಡರು. ಇದೆಲ್ಲ ಗೆಳೆಯ ಹೇಳಿದ್ದು. ನನಗೆ ಕಂಡಿದ್ದು ಬೇರೆ.

ಮುಂದೆ ಕೋಲು ಹಿಡಿದು ನಿಲ್ಲುವ ನಿರ್ದೇಶಕ ಅಲ್ಲಿರಲಿಲ್ಲ. ಒಬ್ಬರ ಉಸಿರು ನೋಡಿ ಇನ್ನೊಬ್ಬರು ಶುರು ಮಾಡುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ಕೃತಿಯಲ್ಲಿ, ಎಡಗಡೆ ಕೊನೆಗೆ ಕೂತ ಹುಡುಗಿ ಎಲ್ಲೋ ದಾರಿ ತಪ್ಪಿದಳು. ಅವಳ ಕಮಾನು ಗಾಳಿಯಲ್ಲೇ ನಿಂತಿತು. ಪಕ್ಕದ ಹುಡುಗ ಅವಳ ಕಡೆ ವಾಲಿ, ತನ್ನ ಸ್ವರವನ್ನು ತುಸು ಜೋರು ಮಾಡಿದ. ನಾಲ್ಕು ಎಣಿಸುವಷ್ಟರಲ್ಲಿ ಅವಳು ಮತ್ತೆ ಸೇರಿಕೊಂಡಳು. ಸಭೆಯಲ್ಲಿ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ. ಎಂಟೂ ಒಂದೇ ವಾದ್ಯ, ತಪ್ಪಿದ್ದು ಯಾವುದು ಅಂತ ಯಾರು ಹೇಳಬೇಕು? ಚಪ್ಪಾಳೆಯ ನಡುವೆ ಆ ಹುಡುಗಿ ಉಳಿದ ಏಳು ಜನರ ಕಡೆ ತಿರುಗಿ, ಎದೆಗೆ ಕೈ ಇಟ್ಟು 'ನಂದು' ಅನ್ನುವ ಹಾಗೆ ತಲೆ ಆಡಿಸಿದಳು. ಅವರು ನಕ್ಕರು. ಅಷ್ಟೇ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮೂರು ರಾಣೆಬೆನ್ನೂರು ಮತ್ತು ಬ್ಯಾಡಗಿ ನಡುವೆ ಒಂದು ಸಣ್ಣ ಹಳ್ಳಿ. ಶ್ರಾವಣದಲ್ಲಿ ಹನುಮಪ್ಪನ ಗುಡಿಯಲ್ಲಿ ಭಜನಿ. ತಬಲಾ, ತಾಳ, ದಮ್ಮಡಿ, ಪೇಟಿ. ಹಾರ್ಮೋನಿಯಂಗೆ ನಾವು ಪೇಟಿ ಅಂತೀವಿ. ಹಾಡುತ್ತಿದ್ದದ್ದು ಹೆಚ್ಚಾಗಿ ಶರೀಫಜ್ಜನ ತತ್ವಪದ. ಶಿಶುನಾಳ ನಮ್ಮ ಹಾವೇರಿ ಜಿಲ್ಲೆಯದೇ, ಶಿಗ್ಗಾವಿ ತಾಲ್ಲೂಕು. ಪೇಟಿ ಬಾರಿಸುತ್ತಿದ್ದ ಕಾಕಾಗೆ ಕಣ್ಣಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಆ ಆಶ್ರಮ ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳು ಹಾನಗಲ್ ತಾಲ್ಲೂಕಿನವರು, ಪುಟ್ಟರಾಜ ಗವಾಯಿಗಳು ದೇವಗಿರಿಯವರು. ಇಬ್ಬರಿಗೂ ಕಣ್ಣಿರಲಿಲ್ಲ. ಹಾಗಾಗಿ ನಮ್ಮ ಕಡೆ ಕಣ್ಣಿಲ್ಲದ ಪೇಟಿ ಮಾಸ್ತರ ಅಂದರೆ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ, ಎದ್ದು ನಿಲ್ಲುತ್ತಾರೆ.

ನನಗಾಗ ಹನ್ನೆರಡು ವರ್ಷ. ಒಂದು ರಾತ್ರಿ ನನಗೆ ಮುಂದೆ ಕೂತು ಪದ ಎತ್ತಿಕೊಡುವ ಸರದಿ ಬಂತು. ಒಂದನೇ ನುಡಿ ಆಯಿತು, ಎರಡನೆಯದು ಮರೆತೇ ಹೋಯಿತು. ಬಾಯಿಗೆ ಬಂದದ್ದು ಮೂರನೇ ನುಡಿ. ಹಿಮ್ಮೇಳದವರು ಒಂದು ಕ್ಷಣವೂ ತಡೆಯದೆ ನನ್ನ ಹಿಂದೆಯೇ ಹಾರಿದರು. ಕೂತ ಮಂದಿಗೆ ಏನೂ ತಿಳಿಯಲಿಲ್ಲ. ಮಂಗಳಾರತಿ ಆಗಿ, ಮಂಡಕ್ಕಿ ಮಿರ್ಚಿ ಹಂಚುವಾಗ ಕಾಕಾ ಕೇಳಿದರು.

"ಎರಡನೇ ನುಡಿ ಎಲ್ಲಿಗೆ ಹೋತಪಾ?"

ಎಲ್ಲರೂ ಗಪ್‌ಚುಪ್. ತಾಳ ಹಾಕುವ ಹಿರಿಯರೊಬ್ಬರು ನನ್ನ ಮುಖ ನೋಡಿ, "ಬಿಡ್ರಿ, ಎಲ್ಲಾರೂ ತಪ್ಪಿದ್ವಿ" ಅಂದರು.

ಕಾಕಾ ನಕ್ಕರು. "ಎಲ್ಲಾರೂ ತಪ್ಪಿದ್ರ ನಾಳೆ ನಾ ಯಾರಿಗೆ ಕಲಸ್ಲಿ?"

"ನಂದರಿ ಕಾಕಾ" ಅಂದೆ. "ಕುಂದ್ರು ಇಲ್ಲಿ" ಅಂದು, ಅಲ್ಲೇ ಎರಡನೇ ನುಡಿಯನ್ನು ಮೂರು ಸಲ ಹೇಳಿಸಿ ಕಳಿಸಿದರು. ತಪ್ಪಿದ್ದು ಯಾರು ಅಂತ ಅವರಿಗೆ ಮೊದಲೇ ಗೊತ್ತಿತ್ತು. ದನಿಯ ಮೇಲೆ ಊರಿಗೆ ಊರನ್ನೇ ಗುರುತು ಹಿಡಿಯುವ ಮನುಷ್ಯ ಅವರು. ಆದರೂ ನಾನೇ ಹೇಳಲಿ ಅಂತ ಕಾದರು.

ಈಗ ಇನ್ನೊಂದು ಮೇಳದ ಕಥೆ. ಐದು ವರ್ಷದ ಹಿಂದೆ, ಆಗ ನಾನಿದ್ದ ಕಂಪನಿಯಲ್ಲಿ ನಮ್ಮ ಟೀಮ್ ಪೇಮೆಂಟ್ ಕೋಡ್ ನೋಡಿಕೊಳ್ಳುತ್ತಿತ್ತು. ನೆಟ್‌ವರ್ಕ್ ತಡವಾಗಿ ಉತ್ತರ ಬರದಿದ್ದರೆ ಪಾವತಿಯನ್ನು ಮತ್ತೊಮ್ಮೆ ಪ್ರಯತ್ನಿಸಬೇಕು. ಹಾಗೆ ಪ್ರಯತ್ನಿಸುವಾಗ ಹಳೆಯ ಗುರುತಿನ ಸಂಖ್ಯೆಯನ್ನೇ ಕಳಿಸಬೇಕು. ಆಗ ಆ ಕಡೆಯವರಿಗೆ ಇದು ಅದೇ ಪಾವತಿ ಅಂತ ತಿಳಿಯುತ್ತದೆ. ನಾನು ಮಾಡಿದ ಒಂದು ಬದಲಾವಣೆಯಿಂದ ಪ್ರತಿ ಸಲವೂ ಹೊಸ ಸಂಖ್ಯೆ ಹೋಗತೊಡಗಿತು. ಜನರ ಖಾತೆಯಿಂದ ಎರಡೆರಡು ಸಲ ದುಡ್ಡು ಕಡಿತ. ಅವತ್ತು ರಿಲೀಸ್ ಮಾಡಿದ್ದು ಟೀಮಿಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ. ಕಾಲ್‌ನಲ್ಲಿ ಮ್ಯಾನೇಜರ್ ಏನಾಯ್ತು ಅಂತ ಕೇಳಿದಾಗ ನಾನು ಗಂಭೀರವಾಗಿ ಹೇಳಿದೆ: "ನಾವು ಒಂದು ಟೀಮ್ ಆಗಿ ಇದರ ಜವಾಬ್ದಾರಿ ತಗೋತೀವಿ."

ಎಷ್ಟು ಚೆಂದದ ಮಾತು! ನನಗೇ ನನ್ನ ಬಗ್ಗೆ ಹೆಮ್ಮೆ ಆಗಿತ್ತು. ವರ್ಷದ ಕೊನೆಗೆ ಆ ಹುಡುಗಿಯ ಮೌಲ್ಯಮಾಪನದಲ್ಲಿ 'ಇನ್ನಷ್ಟು ಎಚ್ಚರ ಬೇಕು' ಅಂತ ಬರೆದಿತ್ತು. ನನ್ನದರಲ್ಲಿ 'ನಾಯಕತ್ವದ ಗುಣ' ಅಂತ ಇತ್ತು. ನಾನು ಸುಮ್ಮನಿದ್ದೆ.

ಹಾಗಾದರೆ 'ನಾವು' ಅನ್ನುವುದೇ ತಪ್ಪಾ? ಅಲ್ಲ. ಹಾಡು ನಡೆದಿರುವಾಗ ಒಬ್ಬರ ತಪ್ಪನ್ನು ಎಲ್ಲರೂ ಎತ್ತಿಕೊಳ್ಳಬೇಕು. ಪದ ನಿಲ್ಲಿಸಿ 'ತಪ್ಪಿದ್ದು ಇವನು' ಅಂತ ತೋರಿಸುವ ಮೇಳದಲ್ಲಿ ಯಾರೂ ಬಾಯಿ ತೆರೆಯಲಾರರು. ನಮ್ಮ ಕಸುಬಿನಲ್ಲೂ ಈ ಮಾತಿದೆ. 2016ರಲ್ಲಿ ಬಂದ ಗೂಗಲ್‌ನವರ ಸೈಟ್ ರಿಲಯಬಿಲಿಟಿ ಪುಸ್ತಕದಲ್ಲಿ, ಯಾರನ್ನೂ ದೂರದೆ ಅವಘಡದ ಕಾರಣ ಹುಡುಕುವುದರ ಬಗ್ಗೆ ಒಂದು ಅಧ್ಯಾಯವೇ ಇದೆ. ಒಳ್ಳೆಯ ಪದ್ಧತಿ. ಆದರೆ ನಾವು ಅದನ್ನು ಅರ್ಧ ಮಾತ್ರ ಕಲಿತೆವು. ದೂರಬಾರದು ಅನ್ನುವುದು ಉಳಿದವರಿಗೆ ಹೇಳಿದ ಮಾತು. ತಪ್ಪಿದವನು 'ನಂದು' ಅನ್ನಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಧೈರ್ಯವಾಗಿ 'ನಂದು' ಅನ್ನಲಿ ಅಂತಲೇ ದೂರುವುದನ್ನು ಬಿಟ್ಟಿದ್ದು. 'ನಾವು' ಅಂತ ಉಳಿದವರು ಹೇಳಿದರೆ ಅದು ಪ್ರೀತಿ. ತಪ್ಪು ಮಾಡಿದವನೇ ಮೊದಲು ಹೇಳಿದರೆ ಅದು ಮರೆ. ಪದ ಒಂದೇ, ಆದರೆ ಯಾರ ಬಾಯಿಂದ ಬಂತು ಅನ್ನುವುದರ ಮೇಲೆ ಅದರ ಅರ್ಥ ಬೇರೆ.

ಇನ್ನೊಂದು ವ್ಯತ್ಯಾಸವೂ ಇದೆ. ಭಜನಿಯಲ್ಲಿ ಒಂದು ನುಡಿ ತಪ್ಪಿದರೆ ಕೇಳಿದವರ ಗಂಟೇನೂ ಹೋಗುವುದಿಲ್ಲ, ಅದನ್ನು ಅವರಿಂದ ಮುಚ್ಚಿಟ್ಟರೆ ನಡೆಯುತ್ತದೆ. ಆದರೆ ನಮ್ಮ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿಗೆ ಕೆಂಪನೆಯ ಕಾಯಿ ಇಟ್ಟು, ಒಳಗೆ ಬಿಳಿಗಾಯಿ ತುಂಬಿದರೆ ಅದು ಮೋಸ. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ, ಕೊಂಡವನು ಕೊಟ್ಟಿದ್ದು ಬಣ್ಣದ ದುಡ್ಡು. ನಮ್ಮ ಕೋಡ್ ಹಾಡಿಗಿಂತ ಆ ಚೀಲಕ್ಕೆ ಹತ್ತಿರ. ಕಡಿತವಾದ ಹಣ ವಾಪಸ್ ಹೋಯಿತು ನಿಜ, ಆದರೆ ಕೆಲವರಿಗೆ ಒಂದು ವಾರ ಹಿಡಿಯಿತು. ತಿಂಗಳ ಕೊನೆಯ ಆ ಒಂದು ವಾರ ಯಾರ ಮನೆಯಲ್ಲಿ ಏನಾಯಿತೋ. ನಾವು ಅವರಿಗೆ ಕಳಿಸಿದ್ದು 'ತಾಂತ್ರಿಕ ಕಾರಣಗಳಿಂದ' ಎಂಬ ಒಂದು ಮೆಸೇಜ್. ಅದೂ ಒಂದು 'ನಾವು'. ಅದರೊಳಗೆ ಮನುಷ್ಯರೇ ಇರಲಿಲ್ಲ.

ಕಛೇರಿ ಆದ ವಾರ ಊರಿಗೆ ಹೊರಟಿದ್ದೆ. ರೈಲು ಹರಿಹರ ಬಿಟ್ಟು ತುಂಗಭದ್ರೆಯ ಸೇತುವೆ ದಾಟುವಾಗ ಆ ಹುಡುಗಿಗೆ ಮೆಸೇಜ್ ಬರೆದೆ. ಅವಳೀಗ ಬೇರೆ ಕಂಪನಿಯಲ್ಲಿದ್ದಾಳೆ. ನಡೆದದ್ದನ್ನು ಪೂರ್ತಿ ಬರೆದು, ತಪ್ಪು ನಂದು, ಅವತ್ತೇ ಹೇಳಬೇಕಿತ್ತು ಅಂದೆ. ಹಳೆಯ ಮ್ಯಾನೇಜರಿಗೂ ಬರೆದೆ. ಅವರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ರಾಣೆಬೆನ್ನೂರು ದಾಟಿದ ಮೇಲೆ ಅವಳ ಉತ್ತರ ಬಂತು.

"ಗೊತ್ತಿತ್ತು ಸರ್. ಅವತ್ತೇ ಗಿಟ್‌ನಲ್ಲಿ ನೋಡಿದ್ದೆ. ನೀವೇ ಹೇಳ್ತೀರಾ ಅಂತ ಕಾದೆ."

ಗಿಟ್‌ನಲ್ಲಿ 'ಬ್ಲೇಮ್' ಎಂಬ ಕಮಾಂಡೇ ಇದೆ. ಯಾವ ಸಾಲನ್ನು ಯಾರು ಬರೆದರು ಅಂತ ಹೆಸರು ಹಿಡಿದು ಹೇಳುತ್ತದೆ. ಅವಳು ಅದನ್ನು ಎಲ್ಲರ ಮುಂದೆ ತೆರೆದು ತೋರಿಸಬಹುದಿತ್ತು. ತೋರಿಸಲಿಲ್ಲ. ಹೊಸಬಳು, ನಾನು ಹಿರಿಯ. ಅಂಜಿಕೆಯಿಂದ ಸುಮ್ಮನಾದಳೋ, ನನ್ನ ಮರ್ಯಾದೆ ಕಾಯಲು ಸುಮ್ಮನಾದಳೋ ನಾನು ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಒಂದಂತೂ ನಿಜ. ನಾನು 'ಟೀಮ್ ಆಗಿ' ಅಂದ ಆ ಹೊತ್ತಿನಲ್ಲಿ ನಿಜವಾಗಿ ಟೀಮ್ ಆಗಿದ್ದವಳು ಅವಳೊಬ್ಬಳೇ.

ಅವಳ ಆ ವರ್ಷದ ರೇಟಿಂಗ್ ಈಗ ತಿದ್ದಲಿಕ್ಕಾಗುವುದಿಲ್ಲ. ತಡವಾಗಿ ಒಪ್ಪಿಕೊಂಡಿದ್ದಕ್ಕೆ ಅದರ ಬಡ್ಡಿ ನನ್ನ ಮೇಲೆ ಇದ್ದೇ ಇರುತ್ತದೆ. ಈಗಿನ ಟೀಮಿನಲ್ಲಿ ಏನಾದರೂ ಕೆಟ್ಟರೆ, 'ನಾವು' ಅನ್ನುವ ಮೊದಲು ನನ್ನ ಪಾಲು ಇದರಲ್ಲಿ ಎಷ್ಟು ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಪ್ರತಿ ಸಲವೂ ನಾಲಿಗೆ ಒಣಗುತ್ತದೆ. ಹನ್ನೆರಡು ವರ್ಷದ ಹುಡುಗನಿಗೆ ಮಿರ್ಚಿ ತಿನ್ನುತ್ತಾ ಸಲೀಸಾಗಿ ಬಂದ ಆ ಒಂದು ಮಾತು, ಸಂಬಳ ಹೆಚ್ಚಾದ ಹಾಗೆಲ್ಲ ಯಾಕೆ ಇಷ್ಟು ಭಾರವಾಯಿತೋ ತಿಳಿಯದು.

ಕಾಕಾ ಈಗಿಲ್ಲ. ಆ ಎರಡನೇ ನುಡಿ ಮಾತ್ರ ಇವತ್ತಿಗೂ ಮರೆತಿಲ್ಲ.