ಅಕ್ಕಿಯ ಲೆಕ್ಕ, ದಾಸೋಹದ ಭಾವ

ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಬಂದ ಭಕ್ತರಿಗೆಲ್ಲ ಊಟ ಬಡಿಸುವ ಪದ್ಧತಿಯಿದ್ದು, ಉಣ್ಣುವವರಿಂದ ಬೆಲೆ ಕೇಳದ ಇಂಥ ಅನ್ನದಾನವು ಒಂದು ತಾತ್ತ್ವಿಕ ಪ್ರಶ್ನೆಯನ್ನು ಎತ್ತುತ್ತದೆ: ಲೆಕ್ಕವಿಡದೆ ಕೊಡುವುದೇ ದಾನವಾದರೆ, ದಾನಕ್ಕಾಗಿ ಕೊಳ್ಳುವುದನ್ನು ಎಷ್ಟು ಸೂಕ್ಷ್ಮವಾಗಿ ಲೆಕ್ಕವಿಡಬೇಕು?

ಸಾಮಗ್ರಿ ಕೊಳ್ಳಲು ಸಂಸ್ಥೆಗಳು ಸಿಬ್ಬಂದಿಗೆ ಕೊಡುವ ಖರೀದಿ ಕಾರ್ಡು ಈ ಪ್ರಶ್ನೆಯನ್ನು ಹರಿತಗೊಳಿಸುತ್ತದೆ. ಸಾಮಾನ್ಯ ಕಾರ್ಡ್ ಪಾವತಿಯಲ್ಲಿ ಅಂಗಡಿಯ ಹೆಸರು, ದಿನಾಂಕ, ಒಟ್ಟು ಮೊತ್ತ ಮಾತ್ರ ದಾಖಲಾದರೆ, ಖರೀದಿ ಕಾರ್ಡಿನ ಎರಡನೆಯ ಹಂತದ ಮಾಹಿತಿಯಲ್ಲಿ ತೆರಿಗೆಯ ಮೊತ್ತವೂ, ಮೂರನೆಯ ಹಂತದಲ್ಲಿ ಪ್ರತಿ ಸಾಮಗ್ರಿಯ ವಿವರ, ಪ್ರಮಾಣ, ದರ, ಸರಕಿನ ಸಂಕೇತಗಳೂ ಸೇರುತ್ತವೆ. 2017ರಲ್ಲಿ ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಅಕ್ಕಿಗಿರುವ 1006 ಎಂಬ ಎಚ್‌ಎಸ್‌ಎನ್ ಸಂಖ್ಯೆ ಅಂಥದೊಂದು ಸಂಕೇತ.

ಪ್ರಮಾಣದ ಲೆಕ್ಕ ಏಕೆ ಮುಖ್ಯವೆಂಬುದನ್ನು ಹಳೆಯ ಕಥೆಯೊಂದು ತೋರಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಪತ್ನಿ ಆಯ್ದಕ್ಕಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳೆಂಬುದು ಶರಣ ಪರಂಪರೆಯ ಕಥನ. ಅಕ್ಕಿ ಕದ್ದದ್ದಲ್ಲ, ಉದ್ದೇಶವೂ ದಾಸೋಹವೇ. ಆದರೂ ಪ್ರಮಾಣದ ವ್ಯತ್ಯಾಸದಲ್ಲಿ ಅವಳು ಆಸೆಯನ್ನು ಕಂಡಳು. ಒಟ್ಟು ಮೊತ್ತವಷ್ಟೇ ತಿಳಿದಿದ್ದರೆ ಈ ವಿವೇಕಕ್ಕೆ ಆಧಾರವೇ ಇರುತ್ತಿರಲಿಲ್ಲ.

ಗುಪ್ತದಾನದ ಆದರ್ಶವನ್ನು ಮುಂದೊಡ್ಡಿ ಇಂಥ ವಿವರಗಳನ್ನು ಆಕ್ಷೇಪಿಸುವುದು ದುರ್ಬಲ ವಾದ. ಮರೆಯಲ್ಲಿರಬೇಕಾದದ್ದು ಕೊಟ್ಟವರ ಹೆಸರೇ ಹೊರತು, ಪರರ ಹಣದಿಂದ ಕೊಳ್ಳುವವರ ವ್ಯವಹಾರವಲ್ಲ. ಆದರೆ ದಾಖಲೆಯು ಹೆಚ್ಚಾದ ಮೂಟೆಯನ್ನು ತೋರಿಸಬಲ್ಲುದೇ ವಿನಾ, ಅದು ರಥೋತ್ಸವದ ಜನಸಂದಣಿಗೋ ಸಂಗ್ರಹದ ಆಸೆಗೋ ಎಂಬುದನ್ನು ಹೇಳಲಾರದಾದ್ದರಿಂದ, ದಾಖಲೆಯನ್ನು ಓದುವ ಹೊಣೆ ಉಗ್ರಾಣವನ್ನೂ ಊಟದ ಪಂಕ್ತಿಯನ್ನೂ ಬಲ್ಲವರ ಮೇಲೆಯೇ ಉಳಿಯುತ್ತದೆ.